ಸೀಲಣ್ಣನ ಹೊಸ ಗೇರು

ಸರ್ಕಾರಿ ಕಚೇರಿಗಳು ಅಧಿಕಾರಿಗಳಿಂದ ನಡೆಯುತ್ತವೆ ಎಂದು ಯಾರಾದರೂ ನಂಬಿದ್ದರೆ, ಅವರು ಸೀಲಣ್ಣನ ಅಂಗಡಿಯನ್ನು ನೋಡಿಲ್ಲ ಎಂದೇ ಅರ್ಥ. ಊರಿನ ಯಾವ ಕಾಗದಕ್ಕೆ ಜೀವ ಬರಬೇಕಾದರೂ ಅದರ ಮೇಲೊಂದು ಮೊಹರು ಬೀಳಬೇಕು. ಆ ಮೊಹರನ್ನು ಕೆತ್ತುವವನು ಸೀಲಣ್ಣ. 'ಮಂಜೂರಾಗಿದೆ', 'ತಿರಸ್ಕರಿಸಲಾಗಿದೆ', 'ಪರಿಶೀಲನೆಯಲ್ಲಿದೆ' ಇವೆಲ್ಲ ಅವನ ಕೈಯಿಂದಲೇ ಹುಟ್ಟಿದವು. ಒಂದು ಕಚೇರಿಯವರು 'ನಾಳೆ ಬನ್ನಿ' ಎಂದೂ ಒಂದು ಮಾಡಿಸಿಕೊಂಡಿದ್ದರು. ಎಲ್ಲಕ್ಕಿಂತ ಬೇಗ ಸವೆದು ಹೋದದ್ದು ಅದೇ.

ಮೊಹರು ಕೆತ್ತುವುದೆಂದರೆ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಎಡಬಲ ಮಾಡಿ ಕೆತ್ತುವುದು. ಮದುವೆಗೆ ಮುಂಚಿನಿಂದಲೂ ಇದೇ ಕಸುಬು ಮಾಡಿ ಮಾಡಿ ಸೀಲಣ್ಣನ ಕೈಗೆ ನೇರವಾದದ್ದನ್ನು ಕಂಡರೆ ತಿರುಗಿಸದೆ ಇರಲು ಆಗುತ್ತಿರಲಿಲ್ಲ. ಬೀರುವಿನ ಬಾಗಿಲು ಕಳಚಿಕೊಂಡಾಗ ಅವನೇ ಕೂರಿಸಿದ. ಅಂದಿನಿಂದ ಅದು ಗೋಡೆಯ ಕಡೆಗೆ ತೆರೆಯುತ್ತದೆ. ಅಂಗಿ ಬೇಕಾದವರು ಮೂಲೆಯಲ್ಲಿ ಬೆನ್ನು ಹಾಕಿ ನಿಂತು ಕೈ ತೂರಿಸಬೇಕು. ಬಚ್ಚಲಿನ ಬಿಸಿನೀರು ತಣ್ಣೀರಿನ ನಲ್ಲಿ ಬದಲಾಯಿಸಿದ ದಿನ ಸ್ನಾನಕ್ಕೆ ಹೋದ ನೆಂಟರೊಬ್ಬರು ಎಷ್ಟು ಕೆಂಪಾಗಿ ಹೊರಗೆ ಬಂದರೆಂದರೆ ಮನೆಯವರೇ ಅವರ ಗುರುತು ಹಿಡಿಯಲಿಲ್ಲ. ಇಸ್ತ್ರಿ ಅಂಗಡಿ ಇಟ್ಟುಕೊಂಡು, ಬಟ್ಟೆಯ ಗಂಟುಗಳನ್ನು ತಾನೇ ವ್ಯಾನಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ ಅವನ ಹೆಂಡತಿ ಮಾತ್ರ ಇದಕ್ಕೆಲ್ಲ ಒಗ್ಗಿಕೊಂಡುಬಿಟ್ಟಿದ್ದಳು.

ಆದರೆ ಕೆಂಪು ಕಾರಿಗೆ ಅವಳು ಒಗ್ಗಿಕೊಳ್ಳಲಿಲ್ಲ.

ಅದು ಎರಡೇ ಸೀಟಿನ, ಮೂತಿ ಚೂಪಾದ, ಕೂತರೆ ನೆಲ ಕೈಗೆಟುಕುವಂಥ ಹಳೆಯ ಸ್ಪೋರ್ಟ್ಸ್ ಕಾರು. ಪಕ್ಕದ ಮನೆಯ ಹಲ್ಲು ಡಾಕ್ಟರಿಗೆ ಸೊಂಟ ಹಿಡಿದು, ಒಳಗೆ ಕೂತವರು ಹೊರಗೆ ಬರಲಾಗದೆ ಒದ್ದಾಡಿದ ಮೇಲೆ ಅದನ್ನು ಸೀಲಣ್ಣನಿಗೆ ದಾಟಿಸಿದ್ದರು. ಸೀಲಣ್ಣನಿಗೆ ಅದರ ಮೇಲೆ ಪ್ರಾಣ. ಅವನು ಇರುವ ಮನೆ ಮಾವನ ಹೆಸರಿನಲ್ಲಿತ್ತು, ಅಂಗಡಿ ಬಾಡಿಗೆಯದು, ವ್ಯಾನು ಹೆಂಡತಿಯದು. ಊರಿನವರ ಹೆಸರನ್ನೆಲ್ಲ ಕೆತ್ತಿದವನಿಗೆ ತನ್ನ ಹೆಸರಿನಲ್ಲಿ ಇದ್ದ ವಸ್ತು ಎಂದರೆ ಆ ಕಾರು ಒಂದೇ. ಭಾನುವಾರ ಅದನ್ನು ಒರೆಸುವಾಗ ಅವನ ಮುಖ ನೋಡಿದರೆ ಯಾರಿಗಾದರೂ ಪಾಪ ಅನ್ನಿಸುತ್ತಿತ್ತು. ಹೆಂಡತಿಗೂ ಅನ್ನಿಸುತ್ತಿತ್ತು, ಹೇಳುತ್ತಿರಲಿಲ್ಲ.

ಕಾರಿನ ದೊಡ್ಡ ರೋಗ ಗೇರಿನದು. ಗೇರಿನ ಹಿಡಿಯಿಂದ ಕೆಳಗಿನ ಗೇರ್ ಬಾಕ್ಸಿಗೆ ಸುದ್ದಿ ಮುಟ್ಟಿಸುವ ಸರಳು, ಅದರ ಕೀಲು, ಬುಷ್ಷು ಎಲ್ಲ ಸವೆದು, ಹಿಡಿ ಪಾತ್ರೆಯೊಳಗಿನ ಸೌಟಿನ ಹಾಗೆ ಎಲ್ಲಿ ಬೇಕಾದರೂ ತಿರುಗುತ್ತಿತ್ತು. ಒಂದು ದಿನ ಊಟಕ್ಕೆ ಬಂದ ಭಾವ, ಅಂದರೆ ಹೆಂಡತಿಯ ಅಣ್ಣ, ಅದನ್ನು ಹಿಡಿದು ಅಲ್ಲಾಡಿಸಿ ನೋಡಿದ. ಭಾವ ಬಸ್ಸಿನ ಡ್ರೈವರ್. ಜಗತ್ತಿನ ಜನರನ್ನು ಅವನು ಎರಡೇ ಜಾತಿಯಾಗಿ ವಿಂಗಡಿಸಿದ್ದ: ಗೇರು ಗೊತ್ತಿರುವವರು, ಗೊತ್ತಿಲ್ಲದವರು.

"ಸೀಲಣ್ಣೋರೆ, ಇದು ಗೇರಾ? ನಾನೇನೋ ಹಿಟ್ಟು ಕಲಸೋದು ಅನ್ಕೊಂಡೆ."

"ಸವೆದಿದೆ ಭಾವ. ಸರಳು, ಕೀಲು, ಇಡೀ ಲಿಂಕೇಜ್ ಬದಲಾಯಿಸ್ತೀನಿ. ರೇಸಿನ ಗಾಡಿಗೆ ಹಾಕೋವಂಥದ್ದು ಬರುತ್ತೆ. ಹಿಡಿ ಇಷ್ಟೇ ಇಷ್ಟು ಆಡ್ಸಿದ್ರೆ ಸಾಕು, ಟಕ್ ಅಂತ ಬೀಳುತ್ತೆ."

"ಯಾವ ಮೆಕ್ಯಾನಿಕ್ಕು ಹಾಕ್ತಾನೆ?"

ಇಲ್ಲಿ ಸೀಲಣ್ಣ 'ನೋಡೋಣ' ಎಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಭಾವನ ಮುಂದೆ ಅವನ ನಾಲಗೆ ಯಾವತ್ತೂ ಅವನ ಮಾತು ಕೇಳಿದ್ದಿಲ್ಲ.

"ಮೆಕ್ಯಾನಿಕ್ ಯಾಕೆ? ನಾನೇ ಹಾಕ್ತೀನಿ. ಕೂದಲೆಳೆಯಷ್ಟು ಸಣ್ಣ ಅಕ್ಷರ ಕೆತ್ತೋ ಕೈ ಇದು."

ಊಟಕ್ಕೆ ಕೂತ ಮೇಲೂ ಭಾವ ನಕ್ಕ ನಗುವಿಗೆ ಅನ್ನ ನೆತ್ತಿಗೇರಿತು. ನೀರು ಕುಡಿದು ಮತ್ತೆ ನಕ್ಕ. ಹೆಂಡತಿ ನಗಲಿಲ್ಲ. "ನೋಡಿ, ಹೇಳಿಬಿಡ್ತೀನಿ. ಗಾಡಿ ಹಳೇದಾಯ್ತು, ಮರುಪರೀಕ್ಷೆಗೆ ನೋಟೀಸ್ ಬಂದಿದೆ. ಬ್ರೇಕ್ ಇನ್‌ಸ್ಪೆಕ್ಟರ್ ಪಾಸ್ ಮಾಡಿದ್ರೆ ಇಟ್ಕೊಳ್ಳಿ. ಫೇಲಾದ್ರೆ ಅಲ್ಲಿಂದಲೇ ಗುಜರಿಗೆ. ಗುಜರಿಯವರಿಗೆ ನಾನೇ ಹೇಳ್ತೀನಿ, ಹಗ್ಗ ತಗೊಂಡು ಬನ್ನಿ ಅಂತ."

"ಹೇಳು ಹೇಳು," ಎಂದ ಸೀಲಣ್ಣ. ಅವನ ನಾಲಗೆ ಇನ್ನೂ ಅವನ ಕೈಗೆ ಸಿಕ್ಕಿರಲಿಲ್ಲ.

ಹೊಸ ಲಿಂಕೇಜು ಪಾರ್ಸೆಲ್ಲಿನಲ್ಲಿ ಬಂತು. ಒಳಗೆ ಹೊಳೆಯುವ ಸರಳು, ಕೀಲುಗಳು, ಮೊಣಕೈಯಂತೆ ಬಾಗಿದ ಒಂದು ತೋಳು, ಜೊತೆಗೆ ಹೇಗೆ ಜೋಡಿಸಬೇಕೆಂಬ ಚಿತ್ರ. ಸೀಲಣ್ಣ ಕಾರಿನಡಿ ನುಸುಳಿ ಮಲಗಿದ. ಹಲ್ಲು ಡಾಕ್ಟರು ಕುರ್ಚಿ ತಂದು ಪಕ್ಕದಲ್ಲಿ ಕೂತರು.

"ಹಳೇದು ಕೀಳೋ ಮುಂಚೆ ಅಲ್ಲಾಡ್ಸಿ ನೋಡಿದ್ರಾ? ಬುಡ ಸಡಿಲ ಮಾಡ್ಕೊಂಡು ಎಳೀಬೇಕು."

"ಬಂತು ಡಾಕ್ಟ್ರೇ."

"ರಕ್ತ ಬಂತಾ?"

"ಆಯಿಲ್ ಬಂತು."

"ಹತ್ತಿ ಒತ್ತಿಡಿ."

ಹೊಸ ತೋಳನ್ನು ಕೂರಿಸುವ ಹೊತ್ತು ಬಂತು. ತೋಳು ಬಲಕ್ಕೆ ಮುಖ ಮಾಡಿರಬೇಕೆಂದು ಚಿತ್ರದಲ್ಲಿ ಸ್ಪಷ್ಟವಾಗಿತ್ತು. ಸೀಲಣ್ಣ ಚಿತ್ರವನ್ನು ಒಮ್ಮೆ ನೋಡಿದ. ಜೀವಮಾನವೆಲ್ಲ ಬಲವನ್ನು ಎಡ ಮಾಡಿದ ಕೈ, ಯಜಮಾನನನ್ನು ಒಂದು ಮಾತೂ ಕೇಳದೆ, ತೋಳನ್ನು ಎಡಕ್ಕೆ ತಿರುಗಿಸಿ ನಟ್ಟು ಬಿಗಿಯಿತು. ಬಿಗಿದದ್ದು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ತಪ್ಪು ಎಂದು ಹೇಳಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆದರೆ ಇಂಥ ಗೇರಿನ ಹಿಡಿಯ ತುದಿಗೆ ಹಳೆಯ ಪ್ಲಾಸ್ಟಿಕ್ ಗುಂಡು ಶೋಭೆಯೇ? ಅವನು ಹಿತ್ತಾಳೆಯ ಗುಂಡೊಂದನ್ನು ಮಾಡಿ, ಅದರ ತಲೆಯ ಮೇಲೆ ಯಾವ ಗೇರು ಎಲ್ಲಿ ಎಂಬ ನಕ್ಷೆಯನ್ನು ತಾನೇ ಕೆತ್ತಿದ. ಲೋಕದ ಗಾಡಿಗಳಲ್ಲಿ ಒಂದು ಎರಡು ಎಡಗಡೆ ಇರುತ್ತವೆ, ಮೂರು ನಾಲ್ಕು ನಡುವೆ, ಐದು ಮತ್ತು ರಿವರ್ಸ್ ಬಲಗಡೆ. ಸೀಲಣ್ಣನ ಗುಂಡಿನ ಮೇಲೆ ಒಂದು ಎರಡು ಬಲಕ್ಕೆ ಹೋಗಿ ಕೂತವು, ಐದು ಮತ್ತು ರಿವರ್ಸ್ ಎಡಕ್ಕೆ ಬಂದವು. ಅಂಕಿಗಳೂ ಮಗುಚಿಕೊಂಡಿದ್ದವು. ಬೇರೆಯವರಿಗೆ ಅದು ತಿರುವುಮುರುವು. ಸೀಲಣ್ಣನಿಗಾದರೋ ಮಗುಚಿದ ಅಕ್ಷರವೇ ನೆಟ್ಟಗೆ ಕಾಣುವುದು. ಅವನು ಅದನ್ನು ನೋಡಿ ನೋಡಿ ಸಂತೋಷಪಟ್ಟ.

ಸಂಜೆ ಡಾಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲ ಸವಾರಿ. ಹಳೆಯ ಅಭ್ಯಾಸದಂತೆ ಹಿಡಿ ಎಡಕ್ಕೆ, ಮೇಲಕ್ಕೆ. ಟಕ್! ಎಂಥ ಇಂಪಾದ ಸದ್ದು. ಕ್ಲಚ್ ಬಿಟ್ಟ. ಕಾರು ಒಮ್ಮೆ ಬಿಕ್ಕಳಿಸಿ ಸತ್ತಿತು. ಒಂದನೆಯದು ಎಂದು ಅವನು ಹಾಕಿದ್ದು ಐದನೆಯದು; ನಿಂತ ಕಾರು ಐದರಲ್ಲಿ ಹೊರಡುವುದುಂಟೇ?

"ತಣ್ಣಗಿದೆ," ಎಂದ ಸೀಲಣ್ಣ. ಎರಡನೆಯದಕ್ಕೆ ಹಾಕಿದ. ಎಡಕ್ಕೆ, ಕೆಳಕ್ಕೆ. ಟಕ್. ಕಾರು ಬಹಳ ಹುಮ್ಮಸ್ಸಿನಿಂದ ಹೊರಟಿತು. ಆದರೆ ಎದುರಿನ ಮನೆಗಳು ಹತ್ತಿರ ಬರುವ ಬದಲು ದೂರ ಹೋಗತೊಡಗಿದವು. ಹಿಂದೆ ಏನೋ ಮುರಿದ ಸದ್ದು ಕೇಳಿಸಿತು. 'ನೋವಿಲ್ಲದೆ ಹಲ್ಲು ಕೀಳಲಾಗುವುದು' ಎಂಬ ಡಾಕ್ಟರ ಬೋರ್ಡು ನೆಲಕ್ಕೆ ಬಿದ್ದಿತ್ತು.

ಬೀದಿಯವರೆಲ್ಲ ಹೊರಗೆ ಬಂದರು. ಎಲ್ಲರ ಕಣ್ಣೂ ಸೀಲಣ್ಣನ ಮೇಲೆ. ಅವನ ನಾಲಗೆ ಸುಮ್ಮನಿರಲಿಲ್ಲ.

"ಇದು ರೇಸಿನ ಲಿಂಕೇಜು. ಎತ್ತರ ಹಾರೋರು ನಾಕು ಹೆಜ್ಜೆ ಹಿಂದೆ ಬಂದು ಆಮೇಲೆ ಓಡಲ್ವಾ? ಹಾಗೇ."

"ಅಂದ್ರೆ ಈಗ ಮುಂದಕ್ಕೆ ಹಾರುತ್ತಾ?" ಎಂದು ಎದುರು ಮನೆಯ ಅಜ್ಜಿ ಕೇಳಿದರು. ಉತ್ತರಕ್ಕೆ ಕಾಯದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ರಿವರ್ಸ್ ಹಾಕಿ ನೋಡೋಣವೇ ಎಂದು ಡಾಕ್ಟರು ಕೇಳಿದ್ದುಂಟು. ಎರಡನೆಯ ಗೇರಿಗೇ ಹಿಂದಕ್ಕೆ ಹೋಗುವ ಗಾಡಿ ರಿವರ್ಸ್ ಹಾಕಿದರೆ ಎಲ್ಲಿಗೆ ಹೋದೀತು ಎಂದು ಯೋಚಿಸಿ ಇಬ್ಬರೂ ಬೆವರಿದರು. ಪುಣ್ಯಕ್ಕೆ ನಡುವಿನ ಮೂರೂ ನಾಲ್ಕೂ ಇದ್ದಲ್ಲೇ ಇದ್ದವು. ಸೀಲಣ್ಣ ಮೂರನೆಯದರಲ್ಲೇ ಕ್ಲಚ್ಚನ್ನು ಅರ್ಧ ಒತ್ತಿ, ಸುಟ್ಟ ವಾಸನೆ ಹಬ್ಬಿಸುತ್ತ ಓಡಾಡಲು ಕಲಿತ. ಹೊಸ ಲಿಂಕೇಜಿಗೆ ಆ ವಾಸನೆ ಸಹಜ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಹೆಂಡತಿ ಮೂಗು ಮುಚ್ಚಿಕೊಂಡು ನೋಡಿದಳೇ ಹೊರತು ಹತ್ತಿರ ಬರಲಿಲ್ಲ. ಆ ಕಾರಿನಲ್ಲಿ ಕಾಲಿಡುವುದಿಲ್ಲವೆಂದು ಅದು ಮನೆಗೆ ಬಂದ ದಿನವೇ ಹೇಳಿದ್ದಳು.

ಪರೀಕ್ಷೆಯ ದಿನ ಬಂತು. ವಾಹನ ಕಚೇರಿಯ ಹಿಂದಿನ ಬಯಲಿನಲ್ಲಿ ಲೈಸೆನ್ಸಿಗೆ ಬಂದವರ ಸಾಲು ನಿಂತಿತ್ತು. ಅವರು ಕಂಬಗಳ ನಡುವೆ ಎಂಟರ ಆಕಾರದಲ್ಲಿ ಗಾಡಿ ತಿರುಗಿಸಿ ತೋರಿಸಬೇಕು. ಒಂದು ಮೂಲೆಯಲ್ಲಿ ಗುಜರಿಯವನು ತನ್ನ ಲಾರಿಗೆ ಒರಗಿ, ಹಗ್ಗ ಸುತ್ತಿಕೊಂಡು ನಿಂತಿದ್ದ. "ನಿಧಾನಕ್ಕೆ ಮಾಡಿ ಸಾರ್, ನಂಗೇನೂ ಅರ್ಜೆಂಟಿಲ್ಲ," ಎಂದು ಸೀಲಣ್ಣನಿಗೆ ಕೈ ಬೀಸಿದ. ಡಾಕ್ಟರು ಬಂದಿದ್ದರು. ಭಾವ ರಜೆ ಹಾಕಿ ಬಂದಿದ್ದ; ಇಂಥ ದಿನ ಕೆಲಸಕ್ಕೆ ಹೋಗಲು ಅವನಿಗೇನು ಹುಚ್ಚೇ?

ಬ್ರೇಕ್ ಇನ್‌ಸ್ಪೆಕ್ಟರು ದಪ್ಪ ಮೀಸೆಯ ಗಂಭೀರ ಮನುಷ್ಯ. ದೀಪ ನೋಡಿದರು, ಹಾರನ್ ನೋಡಿದರು, ಬ್ರೇಕ್ ನೋಡಿದರು. "ಗೇರ್ ಬದಲಾಯಿಸಿದೀರಂತೆ. ನಿಯಮ ಗೊತ್ತಲ್ಲ? ಹಿಡಿ ಮೇಲೆ ಏನು ಗುರುತಿದೆಯೋ ಗೇರ್ ಹಾಗೇ ಬೀಳಬೇಕು. ಓಡ್ಸಿ ತೋರ್ಸಿ."

ಸೀಲಣ್ಣ ಕಾರಿನ ಕಡೆ ಎರಡು ಹೆಜ್ಜೆ ಇಟ್ಟ. ಭಾವ ಅವನನ್ನು ಭುಜದಿಂದ ಪಕ್ಕಕ್ಕೆ ಸರಿಸಿದ. "ಸರೀರಿ. ಗೇರ್ ಅಂದ್ರೇನು ಅಂತ ಸಾಹೇಬ್ರಿಗೆ ನಾನು ತೋರಿಸ್ತೀನಿ."

"ಗುರುತು ನೋಡ್ಕೊಂಡು ಹಾಕಿ ಭಾವ, ಚೆನ್ನಾಗಿ ಕೆತ್ತಿದೀನಿ."

"ಗುರುತು ನೋಡಿ ಗೇರ್ ಹಾಕೋರು ಡ್ರೈವರಾ?"

ಎಡಕ್ಕೆ, ಮೇಲಕ್ಕೆ. ಬಿಕ್ಕಳಿಕೆ, ಸಾವು. ಮತ್ತೆ ಸ್ಟಾರ್ಟು, ಮತ್ತೆ ಬಿಕ್ಕಳಿಕೆ. ಲೈಸೆನ್ಸಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಭಾವನ ಕಿವಿ ಕೆಂಪಾಯಿತು. ಎಡಕ್ಕೆ, ಕೆಳಕ್ಕೆ. ಕಾರು ಹಿಂದಕ್ಕೆ ಚಿಮ್ಮಿ ಭಾವನ ಟೋಪಿ ಸ್ಟೀರಿಂಗಿನ ಮೇಲೆ ಬಿತ್ತು. ಅವನು ಬ್ರೇಕ್ ಒತ್ತಿ ಇಳಿದು, ಕಾರನ್ನು ಒಂದು ಸುತ್ತು ಹಾಕಿ, ಯಾವುದು ಮುಂದೆ ಯಾವುದು ಹಿಂದೆ ಎಂದು ಖಾತ್ರಿ ಮಾಡಿಕೊಂಡ.

"ಎಂಜಿನ್ನೇ ಉಲ್ಟಾ ಕೂರಿಸಿದಾನೆ ಸಾರ್ ಇವನು!"

"ಎಂಜಿನ್ ಮುಟ್ಟೇ ಇಲ್ಲ!" ಎಂದ ಸೀಲಣ್ಣ.

"ಅರಿವಳಿಕೆ ಇನ್ನೂ ಇಳಿದಿಲ್ವೇನೋ," ಎಂದರು ಡಾಕ್ಟರು.

"ಎಲ್ಲಾ ಸುಮ್ಮನಿರಿ," ಎಂದು ಇನ್‌ಸ್ಪೆಕ್ಟರು ಮೀಸೆ ಸವರಿಕೊಂಡರು. "ಬಸ್ ಓಡಿಸೋರಿಗೆ ಸ್ಪೋರ್ಟ್ಸ್ ಕಾರಿನ ನಯ ಗೊತ್ತಿರಲ್ಲ. ಆ ಕಡೆ ಸರೀರಿ. ನಾನ್ ನೋಡ್ತೀನಿ."

ಅವರೂ ಗುಂಡು ನೋಡಲಿಲ್ಲ. ನೋಡಿ ಹಾಕಲು ಅವರೇನು ಕಲಿಯುವವರೇ? ಒಮ್ಮೆ ಬಿಕ್ಕಳಿಸಿತು. ಆಮೇಲೆ ಎರಡನೆಯದೆಂದು ಭಾವಿಸಿ ಎಡಕ್ಕೆಳೆದು ಕೆಳಗೆ ಒತ್ತಿದರು. ಹಿಂದೆ ಸರಿದದ್ದು ಭಾವನ ದಡ್ಡತನವೆಂದು ತೀರ್ಮಾನಿಸಿದ್ದರಿಂದ ಆಕ್ಸಿಲರೇಟರನ್ನು ಧಾರಾಳವಾಗಿ ತುಳಿದರು. ಕಾರು ಹಿಂಗಾಲಲ್ಲಿ ಎದ್ದ ಹಾಗೆ ಬಯಲಿನೊಳಕ್ಕೆ ನುಗ್ಗಿತು. ಕಂಬವೊಂದು ಎದುರಾಯಿತು, ಅಂದರೆ ಹಿಂದಾಯಿತು. ಸಾಹೇಬರು ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರು. ಇನ್ನೊಂದು ಕಂಬ, ಬಲಕ್ಕೆ ತಿರುಗಿಸಿದರು. ಹೀಗೆ ಕಂಬಗಳಿಂದ ತಪ್ಪಿಸಿಕೊಳ್ಳುವ ಒದ್ದಾಟದಲ್ಲಿ, ಹಿಂದುಮುಂದಾಗಿ, ಒಂದು ಕಂಬವನ್ನೂ ಮುಟ್ಟದೆ ಅವರು ಸೊಗಸಾದ ಒಂದು ಎಂಟು ಹಾಕಿ, ಹಳೆಯ ಟೈರುಗಳ ರಾಶಿಗೆ ಮೆತ್ತಗೆ ಗುದ್ದಿ ನಿಂತರು.

ಸಾಲಿನವರು ಚಪ್ಪಾಳೆ ತಟ್ಟಿದರು. ಆಮೇಲೆ ಚಪ್ಪಾಳೆ ನಿಧಾನವಾಗಿ ನಿಂತು, ಎಲ್ಲರ ಮುಖವೂ ಬಿಳುಚಿತು.

"ಸಾರ್," ಎಂದು ಒಬ್ಬಾಕೆ ಕೈಯೆತ್ತಿದಳು, "ನಾವೂ ಹಿಂದಕ್ಕೇ ಹಾಕ್ಬೇಕಾ?"

"ನಿಯಮ ಬದಲಾಗಿದೆಯಂತೆ," ಎಂದು ಅವಳ ಹಿಂದಿನವನು ತನ್ನ ಹಿಂದಿನವನಿಗೆ ಹೇಳಿದ. ಸಾಲಿನ ಬಾಲದಲ್ಲಿದ್ದವರು ಒಬ್ಬೊಬ್ಬರೇ ಮನೆಗೆ ಹೊರಟರು.

ಇನ್‌ಸ್ಪೆಕ್ಟರು ಕಾರಿನಿಂದ ಇಳಿದು ಟೈರುಗಳ ನಡುವಿನಿಂದ ಬಂದರು. ಮೀಸೆಯ ಒಂದು ತುದಿ ಕೆಳಗೆ ತಿರುಗಿತ್ತು. ನೇರವಾಗಿ ಮೇಜಿನ ಬಳಿ ಹೋಗಿ ಕೂತು, 'ತಿರಸ್ಕರಿಸಲಾಗಿದೆ' ಮೊಹರನ್ನು ಎತ್ತಿ ಶಾಯಿಗೆ ಒತ್ತಿದರು. ಗುಜರಿಯವನು ಹಗ್ಗ ಬಿಚ್ಚಿದ.

ಅಷ್ಟರಲ್ಲಿ ವ್ಯಾನು ಬಂದು ನಿಂತಿತು. ಹೆಂಡತಿ ಇಳಿದಳು. ಗುಜರಿಗೆ ಒಯ್ಯುವುದನ್ನು ಕಣ್ಣಾರೆ ನೋಡಬೇಕೆಂದೇ ಅಂಗಡಿ ಮುಚ್ಚಿ ಬಂದಿದ್ದಳು. ಆದರೆ ಬಂದವಳ ಕಣ್ಣಿಗೆ ಮೊದಲು ಬಿದ್ದದ್ದು ಗಂಡ. ಸೀಲಣ್ಣ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ. ಮೊದಲ ಬಾರಿಗೆ ಅವನ ನಾಲಗೆಯೂ ಸೋತಿತ್ತು.

"ನನ್ನ ಹೆಸರಲ್ಲಿ ಇದ್ದದ್ದು ಇದೊಂದೇ ಕಣೇ," ಎಂದ.

ಅವಳಿಗೆ ಮತ್ತೆ ಪಾಪ ಅನ್ನಿಸಿತು. ಅದನ್ನು ಮುಚ್ಚಿಕೊಳ್ಳಲು ಅಣ್ಣನ ಮೇಲೆ ರೇಗಿದಳು. "ಏನಾಯ್ತೋ ಅಣ್ಣ?"

"ಮುಂದಕ್ಕೆ ಹಾಕಿದ್ರೆ ಹಿಂದಕ್ಕೆ ಹೋಗುತ್ತೆ. ದೆವ್ವ ಹೊಕ್ಕಿದೆ ಅದಕ್ಕೆ."

"ಗೇರ್ ಕೂರಿಸಿದ್ದು ಯಾರು? ಇವರೇನಾ?"

"ಇನ್ಯಾರು!"

ಹೆಂಡತಿ ಬಾಗಿ ಕಾರಿನೊಳಗೆ ಇಣುಕಿದಳು. ಹಿತ್ತಾಳೆ ಗುಂಡನ್ನು ನೋಡಿದಳು. ಮಗುಚಿದ ಅಂಕಿಗಳ ಮೇಲೆ ಬೆರಳಾಡಿಸಿದಳು. ಆಮೇಲೆ ನಗತೊಡಗಿದಳು, ನಕ್ಕು ನಕ್ಕು ಬಾಗಿಲು ಹಿಡಿದುಕೊಂಡು ನಿಂತಳು.

"ಅಯ್ಯೋ, ನಮ್ಮನೆ ಬೀರು ಇದು! ಸಾಹೇಬ್ರೆ, ಒಂದು ನಿಮಿಷ ಆ ಸೀಲು ಕೆಳಗಿಡಿ."

ಎಂದೂ ಕಾಲಿಡದ ಕಾರಿನೊಳಗೆ ಕಾಲಿಟ್ಟಳು. ಬೆಳಗ್ಗೆ ಎದ್ದರೆ ಬಿಸಿನೀರಿಗೆ ತಣ್ಣೀರಿನ ನಲ್ಲಿ ತಿರುಗಿಸಿ, ಗೋಡೆ ಸಂದಿಯಿಂದ ಸೀರೆ ತೆಗೆಯುವವಳಿಗೆ ಇದೇನು ಮಹಾ? ಹಿಡಿಯನ್ನು ಬಲಕ್ಕೆ ತಳ್ಳಿ ಮೇಲಕ್ಕೆ ಒತ್ತಿದಳು. ಟಕ್. ಕಾರು ಕೆನೆಯ ಮೇಲೆ ಜಾರಿದ ಹಾಗೆ ಮುಂದೆ ಹೋಯಿತು. ಬಲಕ್ಕೆ, ಕೆಳಕ್ಕೆ, ಎರಡು. ನಡುವೆ ಮೂರು, ನಾಲ್ಕು. ಕಂಬಗಳ ಮಧ್ಯೆ ಒಂದು ಎಂಟು ಹಾಕಿ, ಎಡಕ್ಕೆ ಕೆಳಗೆ ಹಾಕಿ ರಿವರ್ಸಿನಲ್ಲಿ ಮೇಜಿನ ಮುಂದೆ ತಂದು ನಿಲ್ಲಿಸಿದಳು. ಸಾಲಿನಲ್ಲಿ ಉಳಿದಿದ್ದವರಿಗೆ ಮುಂದಕ್ಕೂ ಹಾಕಬಹುದು ಎಂಬ ಧೈರ್ಯ ಬಂತು.

"ಹಿಡಿ ಮೇಲೆ ಹೇಗಿದೆಯೋ ಹಾಗೇ ಬೀಳ್ತಿದೆ ಸಾಹೇಬ್ರೆ. ನೀವೇ ನೋಡಿ."

ಇನ್‌ಸ್ಪೆಕ್ಟರು ಗುಂಡು ನೋಡಿದರು, ತಮ್ಮ ಕೈಯಲ್ಲಿದ್ದ ಮೊಹರಿನ ಅಡಿ ನೋಡಿದರು. ಎರಡೂ ಕಡೆ ಅಕ್ಷರಗಳು ಒಂದೇ ರೀತಿ ಮಗುಚಿ ಮಲಗಿದ್ದವು. ನಿಯಮ ತಾವೇ ಹೇಳಿದ್ದು. ನುಂಗಲೂ ಆಗದು, ಉಗುಳಲೂ ಆಗದು. ಟೈರಿನ ರಾಶಿಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಅಲ್ಲಿ ನಡೆದದ್ದನ್ನು ವರದಿಯಲ್ಲಿ ಬರೆಯದಿರುವುದೇ ವಾಸಿ ಎಂದುಕೊಂಡರು.

"ಪಾಸ್," ಎಂದರು. "ಆದ್ರೆ ಒಂದು ಮಾತು. ಇದನ್ನ ಓಡಿಸೋಕೆ ಬರದೇ ಇರೋ ಮಾಲೀಕರ ಕೈಗೆ ಕೊಟ್ಟು ನಾನು ರಾತ್ರಿ ನಿದ್ದೆ ಮಾಡೋದು ಹೇಗೆ?"

"ಅದಕ್ಕೇನು," ಎಂದಳು ಹೆಂಡತಿ. ಮೇಜಿನ ಮೇಲೆ ಬಾಗಿ ಪಿಸುಗುಟ್ಟುವ ದನಿಯಲ್ಲಿ ಏನೋ ಹೇಳಿದಳು. ಸಾಹೇಬರ ಮೀಸೆಯ ಕೆಳಗೆ ಸಣ್ಣ ನಗೆ ಸುಳಿಯಿತು. ಇನ್ನೊಂದು ಕಾಗದ ಹೊರಗೆ ಬಂತು.

ಸೀಲಣ್ಣ ಅಷ್ಟು ಹೊತ್ತಿಗೆ ಸೋತ ನಾಲಗೆಯನ್ನು ವಾಪಸು ಪಡೆದು, ಹಗ್ಗ ಸುತ್ತುತ್ತಿದ್ದ ಗುಜರಿಯವನಿಗೆ ರೇಸಿನ ಲಿಂಕೇಜಿನ ಮಹಿಮೆ ಹೇಳುತ್ತಿದ್ದ. ಭಾವ ಟೋಪಿ ಮಡಚಿ ಜೇಬಿಗೆ ಹಾಕಿಕೊಂಡು ಆಗಲೇ ಬಸ್ ಸ್ಟಾಪಿನ ದಾರಿ ಹಿಡಿದಿದ್ದ. ಹೆಂಡತಿ ಕರೆದು ತೋರಿಸಿದ ಜಾಗದಲ್ಲಿ ಸೀಲಣ್ಣ ಸಹಿ ಹಾಕಿದ. ಅವಳು ತೋರಿಸಿದ ಕಡೆ ಸಹಿ ಹಾಕುವುದು ಮದುವೆಯಾದಂದಿನಿಂದ ಅವನ ಅಭ್ಯಾಸ. ಇನ್‌ಸ್ಪೆಕ್ಟರು ಮೊಹರು ಒತ್ತಿದರು. ಸೀಲಣ್ಣ ಕಾಗದದ ಮೇಲೆ ಬಗ್ಗಿದ. ಅವನ ಮುಖ ಅರಳಿತು.

"ನೋಡಿ ಸಾರ್, ಹೇಗೆ ಬಿದ್ದಿದೆ! ಒಂದು ಕೊಂಬು ಮುರಿದಿಲ್ಲ, ಒಂದು ಒತ್ತಕ್ಷರ ಕಲಸಿಲ್ಲ."

"ಓದಿದ್ರಾ?"

"ಓದೋದೇನು ಸಾರ್, ನಾನೇ ಕೆತ್ತಿದ್ದಲ್ವಾ!"

ಹಾರನ್ ಕೇಳಿಸಿತು. ಹೆಂಡತಿ ವ್ಯಾನಿನ ಬೀಗದ ಕೈಯನ್ನು ಡಾಕ್ಟರಿಗೆ ಕೊಟ್ಟು ಕಾರಿನಲ್ಲಿ ಕೂತಿದ್ದಳು. ಸೀಲಣ್ಣ ಜಂಭದಿಂದ ಹೋಗಿ ಡ್ರೈವರ್ ಬಾಗಿಲಿಗೆ ಕೈ ಹಾಕಿದ.

"ಆ ಕಡೆ ಅಲ್ಲ ರೀ, ಈ ಕಡೆ."

ಸುತ್ತಿ ಬಂದು ಪಕ್ಕದ ಸೀಟಿನಲ್ಲಿ ಕೂತ. ಕಾರು ಬಯಲು ದಾಟಿ ದೊಡ್ಡ ರಸ್ತೆಗೆ ಬಂತು. ತೊಡೆಯ ಮೇಲಿದ್ದ ಕಾಗದವನ್ನು ಸೀಲಣ್ಣ ಮತ್ತೊಮ್ಮೆ ಮೆಚ್ಚಿಕೊಳ್ಳಲೆಂದು ಎತ್ತಿ ಹಿಡಿದ. ಈ ಸಲ ಅಕಸ್ಮಾತ್ತಾಗಿ ಓದಿಯೂ ಬಿಟ್ಟ: 'ಮಾಲೀಕತ್ವವನ್ನು ಪತ್ನಿಯ ಹೆಸರಿಗೆ ವರ್ಗಾಯಿಸಲಾಗಿದೆ.'

ಅವನ ಬಾಯಿ ತೆರೆಯಿತು. ಕೂಗಬೇಕೆಂದು ಉಸಿರೆಳೆದುಕೊಂಡ. ಅದೇ ಹೊತ್ತಿಗೆ ಹೆಂಡತಿ ಹಿಡಿಯನ್ನು ಎರಡು ಬೆರಳಲ್ಲಿ ನೂಕಿದಳು. ಟಕ್. ಕಾರು ಗಾಳಿಯನ್ನು ಸೀಳಿಕೊಂಡು ಹೋಯಿತು.

"ಏನೇ ಹೇಳಿ," ಎಂದಳು ಅವಳು, ರಸ್ತೆಯಿಂದ ಕಣ್ಣು ತೆಗೆಯದೆ, "ಗೇರು ಮಾತ್ರ ಬೆಣ್ಣೆ ಥರಾ ಬೀಳ್ತಿದೆ."

ಸೀಲಣ್ಣ ಎಳೆದುಕೊಂಡ ಉಸಿರನ್ನು ಹಾಗೇ ಹೊರಗೆ ಬಿಟ್ಟ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟು, ಕೈಕಟ್ಟಿ, ಸೀಟಿಗೆ ಒರಗಿ ಕೂತ.

"ಹಾಕಿದ್ದು ಯಾರು ಮತ್ತೆ?" ಎಂದ.